ಸಿಫ್ಟಿಂಗ್ ಅಂಡ್ ವಿನೋಯಿಂಗ್: ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ. ಒಂದು ಫಲಕದ ಬರಹವನ್ನು ನಾಳೆ ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಕಳಿಸಬೇಕು. ಎರಡನೇ ಮಹಾಯುದ್ಧದ ನಂತರ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಕಮ್ಯುನಿಸಂ ಬಗ್ಗೆ ನಡೆದ ವಾದವಿವಾದದ ಮೇಲೆ ನಮ್ಮ ಚರ್ಚಾಕೂಟದ ಮಕ್ಕಳು ಸಣ್ಣ ಪ್ರದರ್ಶನ ಇಡುತ್ತಿದ್ದಾರೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಊರು ಮ್ಯಾಡಿಸನ್. ಅಲ್ಲಿನ ಬ್ಯಾಸ್ಕಮ್ ಹಾಲ್‌ಗೆ 1915ರಲ್ಲಿ ಹಾಕಿದ ಕಂಚಿನ ಫಲಕದ ಒಂದು ಮಾತಿನಲ್ಲಿ ಸಿಕ್ಕಿಕೊಂಡಿದ್ದೇನೆ. ಮಾತು 1894ರದು. ರಿಚರ್ಡ್ ಈಲಿ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರು ಮುಷ್ಕರಕ್ಕೆ ಬೆಂಬಲ ಕೊಡುತ್ತಾರೆ, ಸಮಾಜವಾದ ಹೇಳಿಕೊಡುತ್ತಾರೆ ಎಂದು ದೂರು ಬಂದಾಗ ಆಡಳಿತ ಮಂಡಳಿ ಅವರ ಕೈ ಬಿಡಲಿಲ್ಲ. ಬೇರೆಡೆ ವಿಚಾರಕ್ಕೆ ಎಂಥ ಕಟ್ಟು ಇದ್ದರೂ ಇರಲಿ, ನಮ್ಮಲ್ಲಿ ಎಡೆಬಿಡದ, ಅಂಜಿಕೆಯಿಲ್ಲದ "ಸಿಫ್ಟಿಂಗ್ ಅಂಡ್ ವಿನೋಯಿಂಗ್" (ಜರಡಿ ಹಿಡಿಯುವುದು, ಕಾಳಿನಿಂದ ಹೊಟ್ಟು ಹಾರಿಸುವುದು) ನಡೆಯಬೇಕು, ಸತ್ಯ ಸಿಗುವುದು ಅದೊಂದರಿಂದಲೇ ಎಂದು ಮಂಡಳಿಯವರು ಬರೆದರು. 1950ರ ದಶಕದಲ್ಲಿ ಲೇಬರ್ ಯೂತ್ ಲೀಗ್ ಎಂಬ ಎಡಪಂಥದ ವಿದ್ಯಾರ್ಥಿ ಸಂಘವನ್ನು ಅಲ್ಲಿ ಇರಗೊಡಬೇಕೇ ಎಂಬ ಜಗಳದಲ್ಲೂ ಇದೇ ಮಾತು ಮುಂದೆ ಬಂತು. ಎರಡು ಕ್ರಿಯಾಪದ ಕೊಡಿ, ಸಾಕು.

ಉತ್ತರ, ಮೈಸೂರು
ಸತ್ಯಶೋಧನೆ. ಧಾತು ಶುಧ್, ಶುದ್ಧಿ ಮಾಡುವುದು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಧೀರರು ಜರಡಿಯಲ್ಲಿ ಹಿಟ್ಟನ್ನು ಶುದ್ಧಿ ಮಾಡುವಂತೆ ಮನಸ್ಸಿನಿಂದ ಮಾತನ್ನು ಶುದ್ಧಿ ಮಾಡಿದರು ಎಂದಿದೆ. ಅಲ್ಲಿ ಜರಡಿಗೆ ತಿತಉ ಎಂಬ ಪದ. ಸ್ವರದ ಪಕ್ಕ ಸ್ವರ ಸಂಧಿಯಾಗದೆ ಉಳಿದ ಅಪರೂಪದ ರೂಪ, ಗಮನಿಸಿ. ಇಷ್ಟು ಹತ್ತಿರದ ಪರಂಪರೆ ಇರುವಾಗ ಹಳ್ಳಿ ಮಾತಿಗೆ ಹೋಗಬೇಕಿಲ್ಲ.

ಉತ್ತರ, ಧಾರವಾಡ
ತಿತಉ ಫಲಕಕ್ಕೆ ಬೇಡ. ಶೋಧನೆಯೂ ಬೇಡ. ಈಗ ಶೋಧ ಅಂದರೆ ಪೊಲೀಸರು ಮನೆ ಹೊಕ್ಕು ಮಾಡುವುದು. ಆ ಕಾಲದಲ್ಲಿ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ವಿಚಾರಣಾ ಸಮಿತಿಗಳು ಮಾಡಿದ್ದೂ ಅದನ್ನೇ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ 1949ರ ಜನವರಿಯಲ್ಲಿ ಮೂವರು ಪ್ರಾಧ್ಯಾಪಕರನ್ನು ಕೆಲಸದಿಂದ ತೆಗೆದದ್ದು ಅಂಥ ಸಮಿತಿಯೊಂದರ ಶೋಧದ ಬೆನ್ನಿಗೇ. ಮ್ಯಾಡಿಸನ್ ಫಲಕದ ಮಾತು ಅದಕ್ಕೆ ಎದುರಾದದ್ದು. ಜಾಲಾಡು ಎಂಬುದಕ್ಕೂ ಇದೇ ತಕರಾರು. ನಮ್ಮ ಕಡೆ ಹಿಟ್ಟು ಸಾಣಿಸುತ್ತೇವೆ, ಕಣದಲ್ಲಿ ರಾಶಿ ತೂರುತ್ತೇವೆ. "ಸಾಣಿಸಿ ತೂರುವುದು" ಎಂದು ಬರೆಯಿರಿ.

ಪ್ರಶ್ನೆ ಕೇಳಿದವರು
ಸಾಣಿಸುವುದು ನಮ್ಮ ಹಾಸನದ ಮಕ್ಕಳಿಗೆ ಗೊತ್ತಿಲ್ಲ ಸರ್, ಇಲ್ಲಿ ಒಂದರಿ, ಜರಡಿ. ತೂರು ಅಂದರೆ ಇನ್ನೂ ಭಯ. ವಿದ್ಯಾರ್ಥಿಗಳು ಎಂಬ ಪದದ ಪಕ್ಕದಲ್ಲಿ ಬಂದರೆ ಎಲ್ಲರೂ ಕಲ್ಲು ತೂರಾಟ ಅಂತಲೇ ಓದುತ್ತಾರೆ.

ಉತ್ತರ, ತಿಪಟೂರು
ಮೊರ ಯಾರಿಗೂ ನೆನಪಾಗಲಿಲ್ಲವೇ? ಕೇರು ಅನ್ನಿ. ನಮ್ಮತ್ತೆ ಕೇರುವಾಗ ಮೊರದ ಬಾಯಿ ಒಂಚೂರು ತಗ್ಗಿರುತ್ತದೆ, ಮಣಿಕಟ್ಟು ಒಂದೇ ಸಮ ಆಡುತ್ತದೆ. ಕಾಳು ಎದ್ದು ಹಿಂದಕ್ಕೆ ಬೀಳುತ್ತದೆ, ಹೊಟ್ಟು ಬಾಯಿಂದಾಚೆ ಹಾರುತ್ತದೆ. ನಡುವೆ ನಿಲ್ಲಿಸಿ ಬೆರಳಾಡಿಸಿ ಕಲ್ಲು ಹೆಕ್ಕುತ್ತಾರೆ, ಮತ್ತೆ ಕೇರುತ್ತಾರೆ. ತೂರುವವನು ಗಾಳಿಗೆ ಕಾಯಬೇಕು, ಗಾಳಿ ಬಂದಾಗ ತೂರಿಕೋ ಅಂತ ಗಾದೆಯೇ ಇದೆ. ಕೇರುವವಳು ಗಾಳಿಯನ್ನು ತಾನೇ ಎಬ್ಬಿಸಿಕೊಳ್ಳುತ್ತಾಳೆ. 1950ರಲ್ಲಿ ಅಲ್ಲಿ ಗಾಳಿ ಬೀಸುತ್ತಿದ್ದದ್ದು ಒಂದೇ ಕಡೆಗೆ. ಸರ್ಕಾರದಲ್ಲೆಲ್ಲ ಕಮ್ಯುನಿಸ್ಟರು ಸೇರಿದ್ದಾರೆ ಎಂದು ಕೂಗೆಬ್ಬಿಸಿದ ಮೆಕಾರ್ಥಿ ಅದೇ ವಿಸ್ಕಾನ್ಸಿನ್ನಿನ ಸೆನೆಟರ್. ಗಾಳಿ ನೋಡಿ ತೂರಿಕೊಂಡವರ ಎದುರು ನಿಂತ ಮಾತಿಗೆ ತೂರು ಹೇಗೆ ಹೊಂದೀತು? ಇನ್ನೊಂದು, ಇಂಗ್ಲಿಷಿನ ಕ್ರಮ ಹಿಡಿಯಬೇಡಿ. ನಮ್ಮಲ್ಲಿ ಮೊದಲು ಮೊರ, ಆಮೇಲೆ ಜರಡಿ.

ಉತ್ತರ, ಧಾರವಾಡ
ಕೇರು ಒಪ್ಪಿದೆ. ಆದರೆ ಕ್ರಿಯಾಪದಕ್ಕೆ ಇಷ್ಟು ಹೋರಾಡಿ ತಲೆಬರಹದಲ್ಲಿ "ಕಮ್ಯುನಿಸಂ" ಅಂತ ಹಾಗೇ ಬಿಡುತ್ತೀರಾ? ಸಮತಾವಾದ ಎಂದಾದರೂ ಮಾಡಿ. ಎರವಲು ತರುವುದಕ್ಕೂ ಮಿತಿ ಬೇಕು.

ಉತ್ತರ, ಮೈಸೂರು
ಸಮತೆಯೂ ವಾದವೂ ಸಂಸ್ಕೃತ. ನನ್ನ ಶೋಧನೆ ಮಾತ್ರ ಬೇಡವಾಯಿತೇ?

ಉತ್ತರ, ತಿಪಟೂರು
ಕಮ್ಯುನಿಸಂ ಎಂದೇ ಇರಲಿ, ಜನ ಹೆದರಿದ್ದು ಆ ಪದಕ್ಕೆ. 1951ರ ಜುಲೈ 4ರಂದು ಮ್ಯಾಡಿಸನ್ನಿನ ಕ್ಯಾಪಿಟಲ್ ಟೈಮ್ಸ್ ಪತ್ರಿಕೆಯ ವರದಿಗಾರ ಜಾನ್ ಪ್ಯಾಟ್ರಿಕ್ ಹಂಟರ್ ಒಂದು ಮನವಿ ಹಿಡಿದು ಪಾರ್ಕಿನಲ್ಲಿ ಸಹಿ ಕೇಳಿದರು. ಅದರಲ್ಲಿದ್ದದ್ದು ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಮತ್ತು ಅವರ ಸಂವಿಧಾನದ ಹಕ್ಕುಗಳ ಸಾಲುಗಳು. 112 ಜನರಲ್ಲಿ ಸಹಿ ಹಾಕಿದ್ದು ಒಬ್ಬರು. 20 ಜನ, ನೀನು ಕಮ್ಯುನಿಸ್ಟಾ ಎಂದು ಕೇಳಿದರು. ಅಲ್ಲಿ ಸಮತಾವಾದಿ ಎಂದು ಬರೆದರೆ ಆ ಹೆದರಿಕೆ ಓದುವವರಿಗೆ ಹೇಗೆ ತಾಗಬೇಕು?

ಪ್ರಶ್ನೆ ಕೇಳಿದವರು
ಇದನ್ನೂ ಫಲಕಕ್ಕೆ ಸೇರಿಸುತ್ತೇನೆ ಮೇಡಂ. ಸಾಲು ಹೀಗಿದೆ: "ಎಡೆಬಿಡದೆ, ಅಂಜದೆ ಕೇರಿ ಜರಡಿ ಹಿಡಿದರೆ ಮಾತ್ರ ಸತ್ಯ ಸಿಗುತ್ತದೆ."

ಉತ್ತರ, ಧಾರವಾಡ
ಕೇರಿ ಅಂದರೆ ಓಣಿ ಅಂತ ಓದುತ್ತಾರೆ. "ಮೊರದಲ್ಲಿ ಕೇರಿ" ಅನ್ನಿ. ಸಮತಾವಾದದ ಬಗ್ಗೆ ನನ್ನ ಮಾತು ಬದಲಿಲ್ಲ.

ಪ್ರಶ್ನೆ ಕೇಳಿದವರು
ಮೊರ ಸೇರಿಸಿದೆ ಸರ್. ಅಂಗಡಿಗೆ ಕಳಿಸಿದೆ.