ಸಹಾಯ ಬೇಕು: ಡ್ರೈನ್ ಬೋಲ್ಟಿನ ಥ್ರೆಡ್ ಹೋಗಿದೆ, ತುಮಕೂರಲ್ಲಿ ಹೆಲಿಕಾಯಿಲ್ (ಹಾಳಾದ ಥ್ರೆಡ್ ಜಾಗದಲ್ಲಿ ಕೂರಿಸೋ ತಂತಿ ಸುರುಳಿ) ಹಾಕೋರು ಯಾರು?

400 ಸಿಸಿ ಟೂರಿಂಗ್ ಬೈಕು. ಆಯಿಲ್ ಇಳಿಸೋಕೆ ಬೋಲ್ಟ್ ಬಿಚ್ಚಿದರೆ ಅದರ ಸುತ್ತ ಬೆಳ್ಳಿ ಸ್ಪ್ರಿಂಗ್ ಥರ ಅಲ್ಯೂಮಿನಿಯಂ ಸುರುಳಿಯೂ ಬಂತು. ಬೋಲ್ಟ್ ಎಂ12, ಅಂದರೆ 12 ಎಂಎಂ ದಪ್ಪ, ಪಿಚ್ (ಥ್ರೆಡ್‌ಗಳ ನಡುವಿನ ಅಂತರ) 1.5 ಎಂಎಂ.

ಕಾರಣ ಗೊತ್ತೇ ಇದೆ. ಬೋಲ್ಟ್ ಉಕ್ಕು, ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಅಲ್ಯೂಮಿನಿಯಂ. ಹಳೇ ವಾಷರ್ ಸೋರುತ್ತೆ ಅಂತ ಹೊಸದು ಹಾಕದೆ ಇನ್ನಷ್ಟು ಬಿಗಿದರೆ ಸೋಲೋದು ಅಲ್ಯೂಮಿನಿಯಮ್ಮೇ. ಈ ಸೈಜಿಗೆ 20–25 ನ್ಯೂಟನ್ ಮೀಟರ್ ಸಾಕು, ಉದ್ದ ಹಿಡಿಯ ಸ್ಪಾನರಲ್ಲಿ ಅದು ಒಂದು ಸಣ್ಣ ತಳ್ಳು ಅಷ್ಟೇ.

ಅಂತರಸನಹಳ್ಳಿ ಅಥವಾ ಬಟವಾಡಿ ಕಡೆ ಈ ಕೆಲಸ ನೀಟಾಗಿ ಮಾಡೋ ಲೇತ್ ಅಂಗಡಿ ಇದ್ದರೆ ಹೇಳಿ. ಎಂಜಿನ್ ಬಿಚ್ಚದೆ, ಬೈಕ್ ಮೇಲೇ ಆಗಬೇಕು. ಟ್ಯಾಪಿಗೆ (ಹೊಸ ಥ್ರೆಡ್ ಕೊರೆಯೋ ಟೂಲ್) ಗ್ರೀಸ್ ಮೆತ್ತಿ, ಅರ್ಧ ಸುತ್ತು ತಿರುಗಿಸಿದಾಗಲೆಲ್ಲ ಹೊರತೆಗೆದು ಒರೆಸೋ ತಾಳ್ಮೆ ಇರೋರು ಬೇಕು, ಇಲ್ಲದಿದ್ದರೆ ಚೂರೆಲ್ಲ ಒಳಗೆ ಹೋಗುತ್ತೆ. ಟ್ಯಾಪ್ ಒಂಚೂರು ವಾರೆಯಾದರೂ ವಾಷರ್ ಸಮ ಕೂರಲ್ಲ, ಮತ್ತೆ ತೊಟ್ಟಿಕ್ಕುತ್ತೆ. ಹೆಲಿಕಾಯಿಲ್ ಸುರುಳಿ ತೂತಿನ ಅಂಚಿಗಿಂತ ಅರ್ಧ ಸುತ್ತಾದರೂ ಒಳಗಿರಬೇಕು. ಮುರಿದು ತೆಗೆಯೋ ಅದರ ಬಾಲದ ತುಂಡು ಸಂಪಿನೊಳಗೆ ಬೀಳಲೇಬಾರದು.

ಎಪಾಕ್ಸಿ, ಟೆಫ್ಲಾನ್ ಟೇಪ್ ಸಲಹೆ ದಯವಿಟ್ಟು ಬೇಡ. ಟೇಪಿನ ಎಳೆ ಸ್ಟ್ರೈನರಿಗೆ (ಆಯಿಲ್ ಸೋಸೋ ಜಾಲರಿ) ಸಿಕ್ಕಿದರೆ ಆಯಿಲ್ ಮೇಲೇರೋದೇ ಕಷ್ಟ. ಓವರ್‌ಸೈಜ್ ಬೋಲ್ಟ್ ಕೊನೇ ದಾರಿ.

15ಡಬ್ಲ್ಯೂ-50, ಜಾಸೋ ಎಂಎ2 ಆಯಿಲ್, ಫಿಲ್ಟರ್, ತಾಮ್ರದ ವಾಷರ್ ರೆಡಿ ಇವೆ. ಒಳಗೆ ಸುರಿದು ಚೂರು ತೊಳೆಯೋಕೆ ಅರ್ಧ ಲೀಟರ್ ಬೇರೆ ಇಟ್ಟಿದ್ದೀನಿ. ಅಂಗಡಿ ಎಲ್ಲಿ, ಎಷ್ಟು ತಗೋತಾರೆ ಅಂತ ಕಾಮೆಂಟಲ್ಲಿ ಹಾಕಿ.