ಕಾಪಿರೈಟ್ ಮುಗಿದ ಪುಸ್ತಕಕ್ಕೆ ಏನನ್ನೋಣ? ‘ಅವಧಿ ಮೀರಿದ’ ಬೇಡ

ಗೆಳೆಯರೇ,

ಹಾಸನದಲ್ಲಿ ನಮ್ಮ ಬಡಾವಣೆಯ ಸಣ್ಣ ಲೈಬ್ರರಿಯ ಹಳೆಯ ಪುಸ್ತಕಗಳನ್ನು ಪಟ್ಟಿ ಮಾಡುತ್ತಿದ್ದೇವೆ. ಯಾವುದನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಹಂಚಬಹುದು ಅಂತ ಗೊತ್ತಾಗಲಿ ಎಂದು ಕಾಪಿರೈಟಿಗೇ ಒಂದು ಕಾಲಂ ಇಟ್ಟೆ. ತ್ರಿವೇಣಿಯವರ ಕಾದಂಬರಿಗಳ ಎದುರು ‘ಅವಧಿ ಮೀರಿದೆ’ ಎಂದು ಬರೆದೆ. ಮರುದಿನ ಹೋದರೆ ಆ ಪುಸ್ತಕಗಳೆಲ್ಲ ದಾರದಲ್ಲಿ ಕಟ್ಟಿಸಿಕೊಂಡು ಬಾಗಿಲ ಪಕ್ಕ ಕೂತಿದ್ದವು. ‘ಡೇಟ್ ಮುಗಿದಿದೆ ಅಂತ ಬರೆದಿದ್ರಲ್ಲ ಮೇಡಂ, ರದ್ದಿಗೆ ಅಂದ್ಕೊಂಡೆ’ ಅಂದಳು ನಮ್ಮ ಜೊತೆ ಕೆಲಸ ಮಾಡುವ ಹುಡುಗಿ.

ತಪ್ಪು ಅವಳದಲ್ಲ, ಪದದ್ದು. ಅವಧಿ ಮೀರಿದ ಮಾತ್ರೆ, ಅವಧಿ ಮೀರಿದ ಹಾಲಿನ ಪ್ಯಾಕೆಟ್ಟು, ಹೀಗೇ ಅಲ್ವಾ ನಾವು ಆ ಮಾತನ್ನು ಬಳಸುವುದು? ತ್ರಿವೇಣಿಯವರು ತೀರಿಕೊಂಡಿದ್ದು 1963ರಲ್ಲಿ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕಾಪಿರೈಟ್ ಇರುತ್ತದೆ, ಮುಂದಿನ ಜನವರಿ 1ರಿಂದ ಎಣಿಸಿದರೆ 2023ರ ಡಿಸೆಂಬರ್ 31ಕ್ಕೆ ಹಕ್ಕು ಮುಗಿಯಿತು. ಆಮೇಲೆ ಅವರ ಕಾದಂಬರಿಗಳು ಹಳಸಲಿಲ್ಲ, ಎಲ್ಲರ ಕೈಗೂ ಬಂದವು. ಈ ಸಂತೋಷ ಪದದಲ್ಲಿ ಕಾಣಬೇಕು.

‘ಸಾರ್ವಜನಿಕ ಸ್ವತ್ತು’ ಅನ್ನುವವರಿದ್ದಾರೆ. ನನಗೆ ಅದೂ ಒಗ್ಗುವುದಿಲ್ಲ. ಸಾರ್ವಜನಿಕ ಸ್ವತ್ತು ಅಂದ ಕೂಡಲೇ ಬಸ್ ಸ್ಟ್ಯಾಂಡು, ಪಾರ್ಕು, ಸರ್ಕಾರಿ ಕಟ್ಟಡ ಕಣ್ಮುಂದೆ ಬರುತ್ತವೆ. ಸರ್ಕಾರ ಅಚ್ಚು ಹಾಕಿಸಿದ್ದೆಲ್ಲ ಬಿಟ್ಟಿ ಅಂತ ಜನ ತಿಳಿಯುತ್ತಾರೆ. ಆದರೆ ಸರ್ಕಾರದ ಪುಸ್ತಕಕ್ಕೂ ಪ್ರಕಟವಾದ ಮೇಲೆ 60 ವರ್ಷ ಹಕ್ಕು ಇದೆ. ‘ಮುಕ್ತ’ ಅಂದರೆ ಲೇಖಕರೇ ಬದುಕಿದ್ದಾಗ ಖುಷಿಯಿಂದ ಬಿಟ್ಟುಕೊಟ್ಟದ್ದರ ಜೊತೆ ಬೆರೆತುಹೋಗುತ್ತದೆ. ‘ಬಿಡುಗಡೆಯಾದ’ ಅಂತೂ ಆಗುವುದೇ ಇಲ್ಲ, ಅದು ಪುಸ್ತಕ ಬಿಡುಗಡೆ ಸಮಾರಂಭದ ಮಾತು.

ಇನ್ನು ಕಾಪಿರೈಟಿಗೆ ಕನ್ನಡದಲ್ಲಿ ಬಳಸುವ ‘ಗ್ರಂಥಸ್ವಾಮ್ಯ’. ನಮ್ಮ ಪಟ್ಟಿಯಲ್ಲಿ ಗ್ರಂಥ ಅಲ್ಲದ್ದೂ ಬಹಳ ಇದೆ. ಬೇಲೂರಿನ ಶಿಲಾಬಾಲಿಕೆಯರ ಫೋಟೊ ಆಲ್ಬಂ ಒಂದಿದೆ. ಶಿಲ್ಪ 12ನೇ ಶತಮಾನದ್ದು, ಅದರ ಮೇಲೆ ಯಾರ ಕಾಪಿರೈಟೂ ಇಲ್ಲ. ಫೋಟೊ ಮೇಲೆ ಇದೆ. ಮೊದಲು ಫೋಟೊ ಪ್ರಕಟವಾದ ವರ್ಷದಿಂದ ಎಣಿಸುತ್ತಿದ್ದರು, ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿಯ ನಂತರ ಫೋಟೊಗೂ ತೆಗೆದವರ ಜೀವಮಾನ ಮತ್ತು ಮೇಲೆ 60 ವರ್ಷ. ಭಾವಗೀತೆಯ ಕ್ಯಾಸೆಟ್ಟುಗಳದ್ದು ಇನ್ನೂ ತೊಡಕು. ಧ್ವನಿಮುದ್ರಣಕ್ಕೆ ಪ್ರಕಟವಾದ ಮೇಲೆ 60 ವರ್ಷ, ಸಿನಿಮಾಕ್ಕೂ ಹಾಗೇ. ಆದರೆ ಅದರೊಳಗಿನ ಕವಿತೆಯ ಲೆಕ್ಕ ಕವಿ ತೀರಿಕೊಂಡ ವರ್ಷದಿಂದ. ಒಂದೇ ಕ್ಯಾಸೆಟ್ಟಿನ ಎದುರು ನಾನು ಎರಡೆರಡು ಇಸವಿ ಬರೆಯಬೇಕು. ಹಾಗಾಗಿ ‘ಹಕ್ಕು’ ಅನ್ನುವ ಪುಟ್ಟ ಪದವೇ ನನಗೆ ಅನುಕೂಲ. ‘ಸ್ವಾಮ್ಯ’ ಅಂದರೆ ಜಮೀನಿನ ಹಾಗೆ ತಲೆತಲಾಂತರಕ್ಕೂ ನಡೆಯುವ ಒಡೆತನ ಅನ್ನಿಸುತ್ತದೆ.

ಕಾಲದ ಮಿತಿಗೆ ‘ವಾಯಿದೆ’ ಚೆನ್ನಾಗಿ ಹೊಂದುತ್ತದೆ. ಗಿರವಿ ಇಟ್ಟವರಿಗೆಲ್ಲ ಗೊತ್ತಿರುವ ಮಾತು. ವಾಯಿದೆಯನ್ನು ಮುಂದೂಡಬಹುದು ಅನ್ನುವುದೂ ಅದರಲ್ಲೇ ಇದೆ. ಕಾಪಿರೈಟಿಗೂ ಹಾಗೇ ಆಯಿತು. 1957ರ ಕಾಯ್ದೆ ಕೊಟ್ಟದ್ದು 50 ವರ್ಷ. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟ್ಯಾಗೋರರ ಹಕ್ಕು 1991ಕ್ಕೆ ಮುಗಿಯುವ ಹೊತ್ತಿಗೆ ಕಾಯ್ದೆ ತಿದ್ದಿ 60 ಮಾಡಿದರು.

ಸದ್ಯಕ್ಕೆ ‘ಅವಧಿ ಮೀರಿದೆ’ ಹೊಡೆದು ‘ಹಕ್ಕು ತೀರಿದೆ’ ಎಂದು ತಿದ್ದಿದ್ದೇನೆ. ಸಾಲ ತೀರಿತು, ಋಣ ತೀರಿತು ಅನ್ನುವಲ್ಲಿನ ನಿರಾಳ ಈ ಪದದಲ್ಲಿದೆ. ನಮ್ಮ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ತೀರಿಕೊಂಡಿದ್ದು 1991ರಲ್ಲಿ, ಅವರ ಪುಸ್ತಕಗಳ ಎದುರು ‘ವಾಯಿದೆ 2051ರ ಕೊನೆಯವರೆಗೆ’ ಎಂದು ಬರೆದೆ. ಓದಿದರೆ ಅರ್ಥವಾಗುತ್ತದೆ.

ಒಂದು ಅನುಮಾನ ಉಳಿದಿದೆ. ‘ಹಕ್ಕು ತೀರಿದ ಲೇಖಕರು’ ಎಂದು ಯಾರಾದರೂ ಬರೆದರೆ ‘ತೀರಿದ’ ಲೇಖಕರಿಗೆ ಅಂಟಿಕೊಂಡು ಕಿವಿಗೆ ಕೆಟ್ಟದಾಗಿ ಕೇಳುತ್ತದೆ. ಚಿಕ್ಕಮಗಳೂರು, ಕೊಪ್ಪ, ಮೂಡಿಗೆರೆ ಕಡೆಯವರು ತೋಟದ ಗುತ್ತಿಗೆ ಮುಗಿದು ಕೈಬಿಟ್ಟಾಗ ಏನನ್ನುತ್ತೀರಿ? ಅಲ್ಲಿ ಇದಕ್ಕಿಂತ ಒಳ್ಳೆಯ ಮಾತು ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ, ‘ತ’ ಅಕ್ಷರದ ಲೇಖಕರವರೆಗೆ ಮಾತ್ರ ತಿದ್ದಿದ್ದೇನೆ.