ಹಳೆಯ ಹಗೇವಿನಲ್ಲಿ ಸಿಕ್ಕ ಕಪ್ಪು ಜೋಳ ಮೊಳೆಯಬಲ್ಲದೇ?

ಪ್ರಶ್ನೆ (ಚಳ್ಳಕೆರೆ ಸೀಮೆಯ ರೈತ):
ನಮ್ಮ ಊರಿನಲ್ಲಿ ಮನೆಯ ಪಾಯ ತೆಗೆಯುವಾಗ, ಹಿರಿಯರಿಗೂ ನೆನಪಿಲ್ಲದ ಒಂದು ಹಗೇವು (ಧಾನ್ಯ ಕೂಡಿಡುವ ನೆಲದೊಳಗಿನ ಗುಣಿ) ಕಾಣಿಸಿಕೊಂಡಿದೆ. ಅದರ ತಳದಲ್ಲಿ ಮಣ್ಣಿನೊಡನೆ ಬೆರೆತ ಕಪ್ಪು ಕಾಳುಗಳಿದ್ದು, ನೋಟಕ್ಕೆ ಜೋಳದಂತಿವೆ. ಇಸ್ರೇಲಿನಲ್ಲಿ ಎರಡು ಸಾವಿರ ವರ್ಷ ಹಳೆಯ ಖರ್ಜೂರದ ಬೀಜ ಮೊಳೆತಿದೆಯೆಂದು ಓದಿದ್ದೇನೆ. ಈ ಕಾಳುಗಳೂ ಮೊಳೆಯಬಹುದೇ? ಮೊಳೆಯದಿದ್ದರೆ ಇವುಗಳಿಂದ ತಿಳಿಯುವುದೇನಾದರೂ ಉಂಟೇ?

ಉತ್ತರ 1 (ಸಸ್ಯಶಾಸ್ತ್ರ ಉಪನ್ಯಾಸಕಿ, ದಾವಣಗೆರೆ):
ಮೊಳೆಯುವುದಿಲ್ಲವೆಂದೇ ಹೇಳಬೇಕಾಗುತ್ತದೆ. ತಾವು ಓದಿದ ಖರ್ಜೂರದ ಬೀಜ 1960ರ ದಶಕದಲ್ಲಿ ಮಸಾಡಾ ಕೋಟೆಯ ಉತ್ಖನನದಲ್ಲಿ ದೊರೆತದ್ದು; 2005ರಲ್ಲಿ ಸಾರಾ ಸ್ಯಾಲನ್ ಮತ್ತು ಎಲೇನ್ ಸೊಲೊವೆ ಅದನ್ನು ಮೊಳೆಯಿಸಿದರು. ಸಸಿಯ ಬೇರಿಗೆ ಅಂಟಿಕೊಂಡಿದ್ದ ಸಿಪ್ಪೆಯ ಚೂರುಗಳ ಇಂಗಾಲ ಪರೀಕ್ಷೆಯಿಂದ ಅದರ ವಯಸ್ಸು ಖಚಿತವಾಯಿತು. ಮುಂದೆ ಇನ್ನೂ ಆರು ಬೀಜಗಳು ಮೊಳೆತವು. ಆ ಬೀಜಗಳು ಇಂದಿನವುಗಳಿಗಿಂತ ದೊಡ್ಡವಾಗಿದ್ದವು, ಮತ್ತು ಅವುಗಳ ವಂಶವಾಹಿಗಳಲ್ಲಿ ಪೂರ್ವದ ಹಾಗೂ ಪಶ್ಚಿಮದ ತಳಿಗಳೆರಡರ ಗುರುತೂ ಇದ್ದುದರಿಂದ, ಅಂದಿನ ತೋಟಗಾರರು ದೂರದ ತಳಿಗಳನ್ನು ತರಿಸಿ ಬೆಳೆಸುತ್ತಿದ್ದರೆಂದು ಊಹಿಸಲು ಆಧಾರ ದೊರೆಯಿತು. ಆದರೆ ಅವು ಅಷ್ಟು ಕಾಲ ಉಳಿದದ್ದು ಮೃತ ಸಮುದ್ರದ ದಡದ ಶುಷ್ಕತೆಯಿಂದ. ಸೈಬೀರಿಯಾದ ಹೆಪ್ಪುಗಟ್ಟಿದ ನೆಲದಲ್ಲಿ ಸಿಕ್ಕ, ಸುಮಾರು 32,000 ವರ್ಷ ಹಳೆಯ ಸಸ್ಯವನ್ನಂತೂ ಬೀಜದಿಂದಲ್ಲ, ಕಾಯಿಯ ಅಂಗಾಂಶದಿಂದ ಪ್ರಯೋಗಾಲಯದಲ್ಲಿ ಬೆಳೆಸಿದರು. ಈಜಿಪ್ಟಿನ ಸಮಾಧಿಗಳ ಗೋಧಿ ಮೊಳೆಯಿತೆಂಬ ಹಳೆಯ ಸುದ್ದಿ ಮಾತ್ರ ಕಟ್ಟುಕಥೆ.

ಹಗೇವಿನೊಳಗೆ ಗಾಳಿಯಾಡದ ಕಾರಣ ಹುಳುಗಳು ಸಾಯುತ್ತವೆ, ಕಾಳು ಉಣ್ಣಲು ಉಳಿಯುತ್ತದೆ. ಆದರೆ ತೇವ ಹೊಕ್ಕರೆ ಮೊಳೆಯುವ ಶಕ್ತಿ ಬೇಗನೆ ಹೋಗುತ್ತದೆ. ಬಿತ್ತನೆಯ ಕಾಳನ್ನು ಬೂದಿ ಬೆರೆಸಿ ಮಡಕೆಯಲ್ಲಿ ಬೇರೆಯಾಗಿ ಇಡುತ್ತಿದ್ದುದು ಸುಮ್ಮನೆ ಅಲ್ಲ.

ಉತ್ತರ 2 (ಮೊಳಕಾಲ್ಮುರಿನ ಇತಿಹಾಸಾಸಕ್ತ):
ಮೇಡಂ ಹೇಳಿದ್ದು ಸರಿ, ಆದರೆ ಸತ್ತ ಕಾಳನ್ನು ಕಡೆಗಣಿಸಬಾರದೆಂಬುದು ನನ್ನ ಅಭಿಪ್ರಾಯ. ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆತ ನಡೆಸಿದಾಗ ಮಡಕೆ ಚೂರುಗಳ ಮೇಲೆಯೇ ಹೆಚ್ಚಿನ ಗಮನವಿತ್ತು. ಅನಂತರ ಸಂಗನಕಲ್ಲು, ಹಳ್ಳೂರು ಮುಂತಾದ ನವಶಿಲಾಯುಗದ ನೆಲೆಗಳ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿ ಬಂದ ಸುಟ್ಟ ಕಾಳುಗಳನ್ನು ಡೋರಿಯನ್ ಫುಲ್ಲರ್ ಮತ್ತಿತರರು ಪರೀಕ್ಷಿಸಿದರು. ದೊರೆತ ಮುಖ್ಯ ಧಾನ್ಯಗಳು ಹುರುಳಿ, ಹೆಸರು ಮತ್ತು ಕೊರಲೆ ಎಂಬ ಸಿರಿಧಾನ್ಯ. ಜೋಳ ಮತ್ತು ರಾಗಿ ಆಫ್ರಿಕಾ ಮೂಲದವು, ಇಲ್ಲಿಗೆ ತಡವಾಗಿ ಬಂದವು. ನಮ್ಮ ಪ್ರಾಚೀನ ಬೆಳೆಯಾದ ಕೊರಲೆಯನ್ನು ಪುನರುಜ್ಜೀವನಗೊಳಿಸುವ ಪ್ರಶ್ನೆಯೇ ಬಾರದು; ಅದನ್ನು ನಮ್ಮ ಜಿಲ್ಲೆಯ ಖುಷ್ಕಿ ಹೊಲಗಳಲ್ಲಿ ಇಂದಿಗೂ ಬಿತ್ತುತ್ತಾರೆ.

ಪ್ರಶ್ನಿಸಿದವರು:
ಇಬ್ಬರಿಗೂ ವಂದನೆಗಳು. ಪಾಯದ ಕೆಲಸ ನಿಲ್ಲಿಸುವಂತಿಲ್ಲ. ಈಗ ಏನು ಮಾಡಲಿ?

ಉತ್ತರ 2ರವರು:
ತೊಳೆಯಬೇಡಿ, ಕಾಳನ್ನು ಮಣ್ಣಿನಿಂದ ಹೆಕ್ಕಲೂ ಬೇಡಿ. ತಳದ ಮಣ್ಣನ್ನು ಕಾಳುಸಮೇತ ಎತ್ತಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಎಷ್ಟು ಆಳದಲ್ಲಿ ಸಿಕ್ಕಿತೆಂದು ಬರೆದಿಡಿ. ಹಗೇವಿನ ಗೋಡೆಗೆ ಹುಲ್ಲು ಹೊದಿಸಿದ್ದರೆ ಅದರ ತುಣುಕನ್ನೂ ಇಡಿ. ಬಳಿಕ ಪುರಾತತ್ವ ಇಲಾಖೆಯವರಿಗೆ ತಿಳಿಸಿ. ಹಗೇವು ನೂರಿನ್ನೂರು ವರ್ಷದ್ದಾಗಿದ್ದರೆ ಇಂಗಾಲ ಪರೀಕ್ಷೆ ನಿಖರ ವರ್ಷ ಹೇಳಲಾರದು, ಆದರೂ ಈಗ ಬಿತ್ತನೆಯಲ್ಲಿಲ್ಲದ ಯಾವುದಾದರೂ ಜೋಳದ ತಳಿಯನ್ನು ಕಾಳಿನ ಆಕಾರದಿಂದ ಗುರುತಿಸಲು ಸಾಧ್ಯವಾಗಬಹುದು.